ಎಫ್‌ಎಸ್‌ಎಲ್, ಸೋಕೋ, ಡಿಜಿಟಲ್ ಫೊರೆನ್ಸಿಕ್: ವಿಧಿವಿಜ್ಞಾನದಲ್ಲಿ ಮೊದಲ ಕೆಲಸವನ್ನು ಆರಿಸಿಕೊಳ್ಳುವುದು ಹೇಗೆ?

ವಿಜ್ಞಾನ ಪದವಿಯ ಕೊನೆಯ ವರ್ಷದಲ್ಲಿರುವವರು ಮತ್ತು ಈಚೆಗೆ ಪದವಿ ಮುಗಿಸಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ವಿಧಿವಿಜ್ಞಾನದಲ್ಲಿ ಕೆಲಸ ಮಾಡುವ ಆಸೆಯಿದೆ, ಆದರೆ ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ನೇಮಕಾತಿಗೆ ಕಾಯಬೇಕೋ, ಅಪರಾಧ ನಡೆದ ಸ್ಥಳಕ್ಕೆ ಹೋಗುವ ಸೋಕೋ ಹುದ್ದೆಗೆ ಪ್ರಯತ್ನಿಸಬೇಕೋ, ಕೇಂದ್ರದ ಪ್ರಯೋಗಾಲಯಗಳತ್ತ ನೋಡಬೇಕೋ, ಇಲ್ಲ ಬೆಂಗಳೂರಿನ ಖಾಸಗಿ ಕಂಪನಿಯೊಂದರ ಡಿಜಿಟಲ್ ಫೊರೆನ್ಸಿಕ್ ವಿಭಾಗಕ್ಕೆ ಸೇರಿಬಿಡಬೇಕೋ? ಇದರ ಬೆನ್ನಿಗೇ, ಎಂ.ಎಸ್‌ಸಿ.ಯನ್ನು ವಿಧಿವಿಜ್ಞಾನದಲ್ಲೇ ಮಾಡಬೇಕೋ ರಸಾಯನಶಾಸ್ತ್ರದಲ್ಲಿ ಮಾಡಿದರೂ ನಡೆಯುತ್ತದೋ ಎಂಬ ಗೊಂದಲವೂ ಇರುತ್ತದೆ. ಕರ್ನಾಟಕದಲ್ಲಿ ಓದಿ, ಇಲ್ಲಿ ಅಥವಾ ನೆರೆಯ ರಾಜ್ಯಗಳಲ್ಲಿ ಮೊದಲ ಕೆಲಸ ಹುಡುಕುತ್ತಿರುವವರನ್ನು ಎದುರಿಗಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ.

ಈ ಕ್ಷೇತ್ರದ ಬಗ್ಗೆ ಈಗ ಕುತೂಹಲ ಹೆಚ್ಚಿರುವುದಕ್ಕೆ ಕಾರಣವಿದೆ. 2024ರ ಜುಲೈ 1ರಂದು ಜಾರಿಗೆ ಬಂದ, ಅಪರಾಧಗಳ ತನಿಖೆ ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಗೆ ಗುರಿಯಾಗುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಚಿತ್ರೀಕರಣವೂ ಆಗಬೇಕು. ಇದನ್ನು ಯಾವ ದಿನದಿಂದ ಜಾರಿಗೆ ತರಬೇಕೆಂದು ಅಧಿಸೂಚಿಸಲು ರಾಜ್ಯಗಳಿಗೆ ಐದು ವರ್ಷಗಳ ಕಾಲಾವಕಾಶವಿದೆ. ಜನ ಬೇಕಾಗುತ್ತಾರೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕಾನೂನು ಜನ ಬೇಕು ಎಂದ ಮಾತ್ರಕ್ಕೆ ಹುದ್ದೆ ಮಂಜೂರಾಗುವುದಿಲ್ಲ, ಮಂಜೂರಾದ ಹುದ್ದೆಗೆ ನೇಮಕಾತಿಯೂ ಕೂಡಲೇ ನಡೆಯುವುದಿಲ್ಲ. ಈ ನಡುವಿನ ಅಂತರವೇ ನಿಮ್ಮ ಆಯ್ಕೆಯನ್ನು ಬಹುಪಾಲು ನಿರ್ಧರಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಮುಂದುವರಿಯುವ ಮೊದಲು ಒಂದು ಸ್ಪಷ್ಟನೆ ಅಗತ್ಯ. ಶವಪರೀಕ್ಷೆ ಮಾಡುವವರು ವೈದ್ಯರು. ಅದಕ್ಕೆ ನೀಟ್ ಬರೆದು ಎಂಬಿಬಿಎಸ್ ಮುಗಿಸಬೇಕು, ಪರಿಣತರಾಗಲು ವಿಧಿವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಬೇಕು. ಬಿ.ಎಸ್‌ಸಿ., ಎಂ.ಎಸ್‌ಸಿ. ದಾರಿಯಲ್ಲಿ ಬರುವ ವಿಜ್ಞಾನಿಯ ಮೇಜಿಗೆ ತಲುಪುವುದು ಆ ಪರೀಕ್ಷೆಯಲ್ಲಿ ತೆಗೆದು, ಬಾಟಲಿಗೆ ಹಾಕಿ, ಮೊಹರು ಮಾಡಿ ಕಳಿಸಿದ ಒಳಾಂಗದ ಭಾಗಗಳು ಮತ್ತು ರಕ್ತದ ಮಾದರಿಗಳು. ಶವಾಗಾರದ ಕೆಲಸವೇ ನಿಮ್ಮನ್ನು ಸೆಳೆಯುತ್ತಿದ್ದರೆ ಈ ಬರಹದ ಯಾವ ಆಯ್ಕೆಯೂ ನಿಮ್ಮದಲ್ಲ.

ಮೊದಲು ಅಳತೆಗೋಲುಗಳು

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಿಮ್ಮ ಮೂಲ ಪದವಿಯ ವಿಷಯ. ಹೊರಗಿನವರಿಗೆ ವಿಧಿವಿಜ್ಞಾನ ಒಂದೇ ವೃತ್ತಿಯಂತೆ ಕಂಡರೂ ಪ್ರಯೋಗಾಲಯದ ಒಳಗೆ ಅದು ರಸಾಯನ, ವಿಷವಿಜ್ಞಾನ, ಜೀವಶಾಸ್ತ್ರ ಮತ್ತು ಸೀರಾಲಜಿ (ರಕ್ತ ಹಾಗೂ ದೇಹದ್ರವಗಳ ಪರೀಕ್ಷೆ), ಡಿಎನ್‌ಎ, ಭೌತಶಾಸ್ತ್ರ, ಬಂದೂಕು-ಗುಂಡುಗಳ ಬ್ಯಾಲಿಸ್ಟಿಕ್ಸ್, ದಾಖಲೆ ಪರೀಕ್ಷೆ, ಕಂಪ್ಯೂಟರ್ ಮತ್ತು ಮೊಬೈಲ್ ಎಂಬ ಬೇರೆ ಬೇರೆ ವಿಭಾಗಗಳ ಸಮೂಹ. ನೇಮಕಾತಿಯೂ ವಿಭಾಗವಾರು ಆಗುತ್ತದೆ. ಆದ್ದರಿಂದ ‘ನಾನು ಫೊರೆನ್ಸಿಕ್‌ಗೆ ಹೋಗಬೇಕು’ ಎಂಬ ಮಾತಿಗಿಂತ ‘ನಾನು ವಿಷವಿಜ್ಞಾನ ವಿಭಾಗಕ್ಕೆ ಹೋಗಬೇಕು’ ಎಂಬ ಮಾತು ಹೆಚ್ಚು ಉಪಯುಕ್ತ. ಈ ಎರಡನೆಯ ವಾಕ್ಯವನ್ನು ಹೇಳಲು ಸಾಧ್ಯವಾಗುವವರೆಗೆ ಯಾವ ಕೋರ್ಸಿಗೂ ಶುಲ್ಕ ಕಟ್ಟಬೇಡಿ.

ಎರಡನೆಯದು, ಸಂಬಳವಿಲ್ಲದೆ ನಿಮ್ಮ ಮನೆ ಎಷ್ಟು ಕಾಲ ನಡೆಯುತ್ತದೆ ಎಂಬ ಲೆಕ್ಕ. ಇದನ್ನು ಹೆಚ್ಚಿನ ಮಾರ್ಗದರ್ಶಕರು ಸಂಕೋಚದಿಂದ ಬಿಟ್ಟುಬಿಡುತ್ತಾರೆ, ಆದರೆ ಸರ್ಕಾರಿ ಪ್ರಯೋಗಾಲಯವನ್ನು ಗುರಿಯಾಗಿ ಇಟ್ಟುಕೊಳ್ಳುವವರಿಗೆ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿಲ್ಲ. ಅಧಿಸೂಚನೆ, ಲಿಖಿತ ಪರೀಕ್ಷೆ, ಆಯ್ಕೆಪಟ್ಟಿ, ಆಕ್ಷೇಪಣೆ, ಸಿಂಧುತ್ವ ಪ್ರಮಾಣಪತ್ರಗಳ ಪರಿಶೀಲನೆ, ನೇಮಕಾತಿ ಆದೇಶ ಎಂಬ ಹಂತಗಳ ನಡುವೆ ಕಾಲ ಸರಿಯುತ್ತದೆ. ಒಂದು ಅಧಿಸೂಚನೆಗೂ ಮುಂದಿನದಕ್ಕೂ ನಡುವೆ ನಿಗದಿತ ಅಂತರವೂ ಇಲ್ಲ.

ಮೂರನೆಯದು, ದಿನದ ಕೆಲಸ ಎಲ್ಲಿ ನಡೆಯುತ್ತದೆ ಎಂಬುದು: ಉಪಕರಣದ ಮುಂದೆಯೋ, ರಸ್ತೆಬದಿಯ ಅಪಘಾತ ಸ್ಥಳದಲ್ಲೋ, ಪರದೆಯ ಮುಂದೆಯೋ? ನಾಲ್ಕನೆಯದು, ಬಯಸಿದ ಬಾಗಿಲು ತೆರೆಯದಿದ್ದರೆ ಅದೇ ಓದು ಇನ್ನೆಲ್ಲಿ ಅನ್ನ ಕೊಡುತ್ತದೆ ಎಂಬುದು. ಐದನೆಯದು ಊರು, ಅಂದರೆ ವರ್ಗಾವಣೆಗೆ ನೀವು ಮತ್ತು ಮನೆಯವರು ಎಷ್ಟರಮಟ್ಟಿಗೆ ಸಿದ್ಧ ಎಂಬುದು.

ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವುದನ್ನು ನಾನು ಅಳತೆಗೋಲುಗಳ ಸಾಲಿನಲ್ಲಿ ಸೇರಿಸಿಲ್ಲ, ಏಕೆಂದರೆ ಪ್ರಮಾಣ ಬೇರೆಯಾದರೂ ಅದರಿಂದ ಪೂರ್ತಿ ತಪ್ಪಿಸಿಕೊಳ್ಳುವ ಆಯ್ಕೆ ಈ ಕ್ಷೇತ್ರದಲ್ಲಿಲ್ಲ. ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಯನ್ನು ಅವರನ್ನು ಕರೆಸದೆಯೇ ಸಾಕ್ಷ್ಯವಾಗಿ ಬಳಸಲು ಸಂಹಿತೆಯ 329ನೇ ಕಲಮು ಅವಕಾಶ ಕೊಡುತ್ತದೆ. ನ್ಯಾಯಾಲಯಕ್ಕೆ ಬೇಕೆನಿಸಿದರೆ ಕರೆಸಬಹುದು. ಕರೆಸಿದಾಗ ಪಾಟೀಸವಾಲಿನಲ್ಲಿ ಕೇಳುವುದು ಹೆಚ್ಚಾಗಿ ದೊಡ್ಡ ವಿಜ್ಞಾನವನ್ನಲ್ಲ. ಮೊಹರನ್ನು ಯಾವ ದಿನ ಒಡೆದಿರಿ, ಮಾದರಿ ಮೊಹರಿನೊಂದಿಗೆ ಹೋಲಿಸಿದಿರಾ, ಪರೀಕ್ಷೆಯ ಜೊತೆ ನಿಯಂತ್ರಣ ಮಾದರಿಯನ್ನು ಇಟ್ಟಿದ್ದಿರಾ, ಟಿಪ್ಪಣಿ ಪುಸ್ತಕದಲ್ಲಿ ಇದು ಏಕಿಲ್ಲ ಎಂಬಂಥ ಪ್ರಶ್ನೆಗಳೇ ಅಲ್ಲಿ ಬರುತ್ತವೆ. ವರ್ಷಗಳ ಹಿಂದೆ ಮಾಡಿದ ಪರೀಕ್ಷೆಗೆ ಈಗ ಉತ್ತರಿಸಬೇಕಾದೀತು, ಬೇರೆ ಊರಿಗೆ ವರ್ಗವಾದ ಮೇಲೂ ಸಮನ್ಸ್ ಹುಡುಕಿಕೊಂಡು ಬರುತ್ತದೆ. ಬರೆದಿಡುವ ಅಭ್ಯಾಸವಿಲ್ಲದವರು, ಎಷ್ಟೇ ಚುರುಕಾಗಿದ್ದರೂ, ಈ ವೃತ್ತಿಯನ್ನು ಎರಡು ಬಾರಿ ಯೋಚಿಸಿ ಆರಿಸಿಕೊಳ್ಳಲಿ.

ಓದು: ವಿಧಿವಿಜ್ಞಾನದ ಪದವಿಯೋ, ಮೂಲ ವಿಜ್ಞಾನದ ಪದವಿಯೋ?

ಇಲ್ಲಿ ನನ್ನ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇನೆ. ಪದವಿ ಹಂತದಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವವಿಜ್ಞಾನಗಳ ಪೈಕಿ ಯಾವುದಾದರೂ ಒಂದು ಗಟ್ಟಿಯಾಗಿರಬೇಕು, ವಿಧಿವಿಜ್ಞಾನ ಅದರ ಮೇಲೆ ಬರಬೇಕು. ಪ್ರಯೋಗಾಲಯಗಳ ಅಧಿಸೂಚನೆಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ: ರಸಾಯನ ವಿಭಾಗದ ಹುದ್ದೆಗೆ ರಸಾಯನಶಾಸ್ತ್ರದ ಸ್ನಾತಕೋತ್ತರ ಪದವಿ, ಅಥವಾ ಪದವಿಯಲ್ಲಿ ರಸಾಯನಶಾಸ್ತ್ರವನ್ನು ಓದಿ ನಂತರ ವಿಧಿವಿಜ್ಞಾನದಲ್ಲಿ ಮಾಡಿದ ಸ್ನಾತಕೋತ್ತರ ಪದವಿ ಎಂಬ ರೀತಿಯ ಷರತ್ತುಗಳು ಅಲ್ಲಿ ಸಾಮಾನ್ಯ. ಬರೀ ‘ಬಿ.ಎಸ್‌ಸಿ. ವಿಧಿವಿಜ್ಞಾನ’ ಎಂದಿರುವ, ಅಂಕಪಟ್ಟಿಯಲ್ಲಿ ಮೂಲ ವಿಷಯ ಸ್ಪಷ್ಟವಾಗಿ ಕಾಣದ ಪದವಿ ಇಂಥಲ್ಲಿ ತೊಡಕು ತರಬಹುದು. ವಿಧಿವಿಜ್ಞಾನವನ್ನು ರಸಾಯನಶಾಸ್ತ್ರ ಅಥವಾ ಪ್ರಾಣಿಶಾಸ್ತ್ರದ ಜೊತೆ ಒಂದು ವಿಷಯವಾಗಿ ಕಲಿಸುವ ಕಾಲೇಜುಗಳಿಗೆ ಈ ಸಮಸ್ಯೆ ಅಷ್ಟಾಗಿ ಇಲ್ಲ.

ಸ್ನಾತಕೋತ್ತರ ಹಂತದಲ್ಲಿ ಹೋಲಿಕೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಎಂ.ಎಸ್‌ಸಿ. ರಸಾಯನಶಾಸ್ತ್ರ ಮಾಡಿದವರಿಗೆ ಎಫ್‌ಎಸ್‌ಎಲ್‌ನ ಒಂದೆರಡು ವಿಭಾಗಗಳ ಬಾಗಿಲು ತೆರೆದಿರುತ್ತದೆ, ಜೊತೆಗೆ ಔಷಧ ಕಂಪನಿಗಳ ಗುಣಮಟ್ಟ ನಿಯಂತ್ರಣ ವಿಭಾಗ, ಆಹಾರ ಪರೀಕ್ಷಾ ಪ್ರಯೋಗಾಲಯ, ಉಪನ್ಯಾಸಕ ವೃತ್ತಿ ಇವೆಲ್ಲವೂ ಲಭ್ಯ. ಎಂ.ಎಸ್‌ಸಿ. ವಿಧಿವಿಜ್ಞಾನ ಮಾಡಿದವರಿಗೆ ಸಾಕ್ಷ್ಯದ ಸರಪಳಿ (ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆ), ಅಪರಾಧ ಸ್ಥಳದ ನಿರ್ವಹಣೆ, ಕಾನೂನಿನ ಕಲಮುಗಳು, ದಾಖಲೆ ಪರೀಕ್ಷೆ ಮೊದಲಾದವು ಓದಿನಲ್ಲೇ ಸಿಗುತ್ತವೆ; ಸಂದರ್ಶನದಲ್ಲೂ ಕೆಲಸದ ಮೊದಲ ತಿಂಗಳುಗಳಲ್ಲೂ ಅವರು ಮುಂದಿರುತ್ತಾರೆ. ಆದರೆ ವಿಧಿವಿಜ್ಞಾನದ ಹೊರಗೆ ಅವರ ಪದವಿಯನ್ನು ಗುರುತಿಸುವವರು ಕಡಿಮೆ. ಕಾಯುವ ಶಕ್ತಿ ಕಡಿಮೆ ಇರುವವರಿಗೆ ಮೂಲ ವಿಜ್ಞಾನವೇ ಕ್ಷೇಮ. ಗುರಿ ಖಚಿತವಾಗಿದ್ದು, ಸೋಕೋ, ದಾಖಲೆ ಪರೀಕ್ಷೆ ಅಥವಾ ವಿಧಿವಿಜ್ಞಾನದ ಬೋಧನೆಯೇ ಬೇಕು ಎನ್ನುವವರಿಗೆ ಎರಡನೆಯದು ಸರಿ.

ಸಂಸ್ಥೆಗಳ ವಿಷಯಕ್ಕೆ ಬಂದರೆ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಬಹಳ ಕಾಲದಿಂದ ಇದೆ. ಮಂಗಳೂರಿನ ರೋಶನಿ ನಿಲಯದಲ್ಲೂ ಇದೇ ಜೋಡಿ ವಿಷಯದ ಸ್ನಾತಕೋತ್ತರ ಕೋರ್ಸ್ ಇದೆ, ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದಂಥ ಖಾಸಗಿ ಸಂಸ್ಥೆಗಳೂ ವಿಧಿವಿಜ್ಞಾನವನ್ನು ಕಲಿಸುತ್ತವೆ. ಗುಜರಾತಿನ ಗಾಂಧಿನಗರದಲ್ಲಿ ಕೇಂದ್ರ ಕಚೇರಿಯಿರುವ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2020ರ ಕಾಯ್ದೆಯಿಂದ ರಾಷ್ಟ್ರೀಯ ಸಂಸ್ಥೆಯಾಗಿದ್ದು, ಅದರ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಅಲ್ಲಿಗೆ ಪ್ರವೇಶ ಅಖಿಲ ಭಾರತ ಮಟ್ಟದ ಪರೀಕ್ಷೆಯ ಮೂಲಕ. ಹೆಸರಿನ ಬಲ, ಕೇಂದ್ರ ಸಂಸ್ಥೆಗಳೊಂದಿಗಿನ ನಂಟು ಅದರ ಅನುಕೂಲಗಳು. ರಾಜ್ಯ ವಿಶ್ವವಿದ್ಯಾಲಯದ ಶುಲ್ಕಕ್ಕೆ ಹೋಲಿಸಿದರೆ ಖರ್ಚು ಹೆಚ್ಚು. ಸಾಲ ಮಾಡಿ ಸೇರುವವರು ‘ಉಪಕರಣವನ್ನು ವಿದ್ಯಾರ್ಥಿಯೇ ಮುಟ್ಟಿ ನಡೆಸುತ್ತಾನೆಯೇ, ನಿಂತು ನೋಡುತ್ತಾನೆಯೇ?’ ಎಂದು ಅಲ್ಲಿನ ಹಿರಿಯ ವಿದ್ಯಾರ್ಥಿಗಳನ್ನು ಕೇಳಿಕೊಳ್ಳುವುದು ಒಳ್ಳೆಯದು. ಅಂತರ್ಜಾಲದಲ್ಲಿ ಮಾರಾಟಕ್ಕಿರುವ ಮೂರು ತಿಂಗಳ ಪ್ರಮಾಣಪತ್ರಗಳು ಕುತೂಹಲ ತಣಿಸಬಹುದು, ಸರ್ಕಾರಿ ನೇಮಕಾತಿಯಲ್ಲಿ ಪದವಿಯ ಸ್ಥಾನ ತುಂಬಲಾರವು.

ರಾಜ್ಯದ ಎಫ್‌ಎಸ್‌ಎಲ್

ಬೆಂಗಳೂರಿನ ಮಡಿವಾಳದಲ್ಲಿರುವ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯ ಮತ್ತು ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿ ಮೊದಲಾದೆಡೆಯ ಪ್ರಾದೇಶಿಕ ಪ್ರಯೋಗಾಲಯಗಳು ಪೊಲೀಸ್ ಇಲಾಖೆಯ ವ್ಯವಸ್ಥೆಯೊಳಗೇ ಬರುತ್ತವೆ. ಕೆಲಸ ಮಾತ್ರ ಅಪ್ಪಟ ಪ್ರಯೋಗಾಲಯದ್ದು. ವಿಷವಿಜ್ಞಾನ ವಿಭಾಗವನ್ನೇ ತೆಗೆದುಕೊಳ್ಳಿ. ನಮ್ಮಂಥ ಕೃಷಿ ಪ್ರಧಾನ ರಾಜ್ಯದಲ್ಲಿ ಅಲ್ಲಿಗೆ ಬರುವ ಪ್ರಕರಣಗಳಲ್ಲಿ ಕೀಟನಾಶಕ ಸೇವನೆಯವು ಸಾಮಾನ್ಯ. ಬಂದ ಬಾಟಲಿಯ ಮೊಹರು ಸರಿಯಿದೆಯೇ ಎಂದು ನೋಡುವುದರಿಂದ ಕೆಲಸ ಶುರುವಾಗುತ್ತದೆ. ಮೊಹರು ಹೊಂದದಿದ್ದರೆ ಪರೀಕ್ಷೆಯ ಮಾತೇ ಇಲ್ಲ. ಆಮೇಲೆ ದ್ರಾವಕಗಳಿಂದ ವಿಷವನ್ನು ಬೇರ್ಪಡಿಸುವುದು, ತೆಳುಪದರ ಕ್ರೊಮಟೋಗ್ರಫಿಯಲ್ಲಿ ಮೊದಲ ಸುಳಿವು ಹಿಡಿಯುವುದು, ಪದಾರ್ಥಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಉಪಕರಣದಲ್ಲಿ ಖಚಿತಪಡಿಸಿಕೊಳ್ಳುವುದು, ವರದಿ ಬರೆಯುವುದು. ವಾಸನೆಗೆ ಹೊಂದಿಕೊಳ್ಳಬೇಕು, ಒಂದೇ ಕ್ರಮವನ್ನು ದಿನವೂ ತಪ್ಪದೆ ಪಾಲಿಸುವ ತಾಳ್ಮೆ ಬೇಕು. ಕುಡಿದು ವಾಹನ ಚಲಾಯಿಸಿದ ಪ್ರಕರಣಗಳಲ್ಲಿ ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿಯ ಆಚೆ-ಈಚೆ ಒಬ್ಬ ವ್ಯಕ್ತಿಯ ಭವಿಷ್ಯ ನಿಂತಿರುತ್ತದೆ. ಅಲ್ಲಿ ಅಂದಾಜಿಗೆ ಜಾಗವಿಲ್ಲ.

ಜೀವಶಾಸ್ತ್ರ ಮತ್ತು ಡಿಎನ್‌ಎ ವಿಭಾಗಗಳಿಗೆ ಆಕಾಂಕ್ಷಿಗಳ ದಟ್ಟಣೆ ಹೆಚ್ಚು, ಏಕೆಂದರೆ ಜೀವತಂತ್ರಜ್ಞಾನ, ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನಶಾಸ್ತ್ರ ಓದಿದ ದೊಡ್ಡ ಸಮೂಹ ಅತ್ತಲೇ ನೋಡುತ್ತದೆ. ಭೌತಶಾಸ್ತ್ರ ಓದಿದವರಿಗೆ ತಮಗೂ ಇಲ್ಲಿ ಜಾಗವಿದೆ ಎಂಬುದೇ ಎಷ್ಟೋ ವೇಳೆ ತಿಳಿದಿರುವುದಿಲ್ಲ. ಗಾಜಿನ ಚೂರು, ಬಣ್ಣದ ಪದರ, ಉಪಕರಣದ ಗುರುತು, ಗುಂಡಿನ ಮೇಲಿನ ಗೀರುಗಳ ಹೋಲಿಕೆ ಇವೆಲ್ಲ ಅವರ ಪಾಲಿನವು.

ಮನೋವಿಜ್ಞಾನದ ವಿದ್ಯಾರ್ಥಿಗಳು ಒಂದು ಇತಿಹಾಸವನ್ನು ತಿಳಿದಿರಬೇಕು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. 2010ರ ಮೇ ತಿಂಗಳಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಮಿದುಳಿನ ಪರೀಕ್ಷೆಗಳನ್ನು ನಡೆಸುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಹೀಗಾಗಿ ಆ ವಿಭಾಗದ ವ್ಯಾಪ್ತಿ ಕಿರಿದು. ಅದನ್ನೊಂದೇ ನಂಬಿ ಓದನ್ನು ರೂಪಿಸಿಕೊಳ್ಳುವುದು ಜಾಣತನವಲ್ಲ.

ರಾಜ್ಯದ ಹುದ್ದೆಯಲ್ಲಿ ಕನ್ನಡಿಗರಿಗೆ ಇರುವ ಅನುಕೂಲಗಳು ಸಣ್ಣವಲ್ಲ. ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ ಮೊದಲಾದ ಮೀಸಲಾತಿಗಳು, ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ 371(ಜೆ) ವಿಧಿಯ ಅಡಿ ಸಿಗುವ ಮೀಸಲಾತಿ ಇವುಗಳ ಪ್ರಮಾಣಪತ್ರಗಳನ್ನು ಅಧಿಸೂಚನೆ ಬಂದ ಮೇಲೆ ಓಡಾಡಿ ಮಾಡಿಸುವ ಬದಲು ಈಗಲೇ ಮಾಡಿಸಿಟ್ಟುಕೊಳ್ಳಬೇಕು. ಇನ್ನೊಂದು ಅನುಕೂಲ ಕೆಲಸಕ್ಕೆ ಸೇರಿದ ಮೇಲೆ ಕಾಣುತ್ತದೆ. ಪ್ರಯೋಗಾಲಯದ ವರದಿ ಇಂಗ್ಲಿಷಿನಲ್ಲಿ ಸಿದ್ಧವಾದರೂ ಮುದ್ದೆಮಾಲಿನ ಜೊತೆ ಬರುವ ಮಹಜರು ಮತ್ತು ದೂರಿನ ಪ್ರತಿ ಕನ್ನಡದಲ್ಲಿರುತ್ತವೆ, ಕೆಳ ನ್ಯಾಯಾಲಯದಲ್ಲಿ ಹೇಳಿಕೆ ದಾಖಲಾಗುವುದೂ ಕನ್ನಡದಲ್ಲೇ. ಮಹಜರಿನ ಕನ್ನಡವನ್ನು ಸಲೀಸಾಗಿ ಓದಬಲ್ಲವರು, ಯಾವ ವಸ್ತುವನ್ನು ಎಲ್ಲಿಂದ ಯಾವ ಸ್ಥಿತಿಯಲ್ಲಿ ತೆಗೆದರು ಎಂಬುದನ್ನು ಹಿಡಿಯುವಲ್ಲಿ ಮುಂದಿರುತ್ತಾರೆ. ಈ ಆಯ್ಕೆಯ ದೊಡ್ಡ ಕೊರತೆಯೆಂದರೆ ಕಾಯುವಿಕೆ. ಎರಡನೆಯದು, ಬಾಕಿ ಪ್ರಕರಣಗಳ ಒತ್ತಡ.

ಸೋಕೋ: ಸ್ಥಳಕ್ಕೆ ಹೋಗುವವರು

ಅಪರಾಧ ಸ್ಥಳ ಅಧಿಕಾರಿ ಎಂಬ ಹುದ್ದೆಯನ್ನು ಕರ್ನಾಟಕ ಸಾಕಷ್ಟು ಮೊದಲೇ ಸೃಷ್ಟಿಸಿತು. ಹೊಸ ಸಂಹಿತೆ ಜಾರಿಗೆ ಬರುವ ಮೊದಲೇ ಇಲ್ಲಿ ಆ ಹೆಸರಿನ ನೇಮಕಾತಿ ನಡೆದಿತ್ತು. ಕೊಲೆ, ಅತ್ಯಾಚಾರ, ಬೆಂಕಿ ಅನಾಹುತ, ಅಪಘಾತದಂಥ ಸ್ಥಳಕ್ಕೆ ತನಿಖಾಧಿಕಾರಿಯ ಜೊತೆ ಹೋಗಿ, ಯಾವುದು ಸಾಕ್ಷ್ಯವಾಗಬಲ್ಲದು ಎಂದು ಗುರುತಿಸಿ, ಕೆಡದಂತೆ ತೆಗೆದು, ಪ್ಯಾಕ್ ಮಾಡಿ ಕಳಿಸುವುದು ಅವರ ಕೆಲಸ. ಪರೀಕ್ಷೆ ಬಹುಪಾಲು ಬೇರೆಯವರದು. ಕೇಳಲು ಸುಲಭವೆನಿಸಿದರೂ ಮುಂದಿನ ಎಲ್ಲ ವಿಜ್ಞಾನವೂ ಈ ಹೆಜ್ಜೆಯ ಮೇಲೆ ನಿಂತಿದೆ. ರಕ್ತದಿಂದ ಒದ್ದೆಯಾದ ಬಟ್ಟೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟುವ ಬದಲು ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ, ತೇವದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಮತ್ತು ಬೂಸ್ಟು ಡಿಎನ್‌ಎಯನ್ನು ಹಾಳುಮಾಡುತ್ತವೆ. ಆಮೇಲೆ ಎಂಥ ದುಬಾರಿ ಉಪಕರಣವೂ ಏನನ್ನೂ ಮಾಡಲಾರದು.

ಈ ಹುದ್ದೆಗೆ ವೇಳೆಯ ಕಟ್ಟುಪಾಡಿಲ್ಲ. ರಾತ್ರಿ ಕರೆ ಬರುತ್ತದೆ, ಮಳೆಯಲ್ಲಿ ತೋಟದ ನಡುವೆ ನಿಲ್ಲಬೇಕಾಗುತ್ತದೆ, ದಿನಗಳಷ್ಟು ಹಳೆಯದಾದ ಶವದ ಹತ್ತಿರ ಕೆಲಸ ಮಾಡಬೇಕಾಗುತ್ತದೆ, ಅಳುವ ಮನೆಯವರ ಮತ್ತು ಆತುರದ ಅಧಿಕಾರಿಗಳ ಮುಂದೆ ‘ಇದನ್ನು ಈಗ ಮುಟ್ಟಬೇಡಿ’ ಎಂದು ಹೇಳುವ ಗಟ್ಟಿತನ ಬೇಕಾಗುತ್ತದೆ. ಎಲ್ಲ ವಿಷಯಗಳ ಅಲ್ಪಸ್ವಲ್ಪ ಪರಿಚಯವಿರುವ ವಿಧಿವಿಜ್ಞಾನ ಪದವೀಧರರಿಗೆ ಇದು ಸಹಜವಾಗಿ ಒಗ್ಗುತ್ತದೆ. ಉಪಕರಣದ ಮುಂದೆ ಪರಿಣತಿ ಬೆಳೆಸಿಕೊಳ್ಳುವ ಆಸೆಯಿರುವವರಿಗೆ ಇಲ್ಲಿ ಕೆಲವು ವರ್ಷಗಳ ನಂತರ ಬೇಸರ ಬರಬಹುದು. ಮುಂದಿನ ವರ್ಷಗಳಲ್ಲಿ ಹೆಚ್ಚು ಬೇಡಿಕೆ ಬರುವುದು ಈ ಹುದ್ದೆಗೇ ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ 176(3)ನೇ ಕಲಮು ಮಾತನಾಡುವುದು ಸ್ಥಳ ಭೇಟಿಯ ಬಗ್ಗೆಯೇ. ಆದರೆ ಅರ್ಜಿ ಹಾಕುವಾಗ ಅಧಿಸೂಚನೆಯಲ್ಲಿ ‘ಗುತ್ತಿಗೆ’ ಎಂದಿದೆಯೋ ‘ಖಾಯಂ’ ಎಂದಿದೆಯೋ ನೋಡಿಕೊಳ್ಳಿ. ಗುತ್ತಿಗೆಯಾದರೂ ಅನುಭವಕ್ಕಾಗಿ ಸೇರುವುದು ತಪ್ಪಲ್ಲ, ಬೇರೆ ಪರೀಕ್ಷೆಗಳ ಓದು ನಿಲ್ಲಿಸದಿದ್ದರೆ ಸಾಕು.

ಸೋಕೋ ಹುದ್ದೆಯನ್ನು ಬೆರಳಚ್ಚು ಘಟಕದ ಹುದ್ದೆಯೊಂದಿಗೆ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಬೆರಳಚ್ಚು ಘಟಕ ಎಫ್‌ಎಸ್‌ಎಲ್‌ನಿಂದ ಪ್ರತ್ಯೇಕವಾದದ್ದು, ಅದರ ಅರ್ಹತೆ ಮತ್ತು ಪರೀಕ್ಷೆಗಳೂ ಬೇರೆ.

ಕೇಂದ್ರದ ಪ್ರಯೋಗಾಲಯಗಳು

ಕೇಂದ್ರ ಗೃಹ ಸಚಿವಾಲಯದ ವಿಧಿವಿಜ್ಞಾನ ಸೇವೆಗಳ ನಿರ್ದೇಶನಾಲಯದ ಅಡಿಯಲ್ಲಿ ಕೋಲ್ಕತ್ತ, ಹೈದರಾಬಾದ್, ಚಂಡೀಗಢ, ಭೋಪಾಲ್, ಪುಣೆ, ಗುವಾಹಟಿಗಳಲ್ಲಿ ಕೇಂದ್ರೀಯ ಪ್ರಯೋಗಾಲಯಗಳಿವೆ. ದೆಹಲಿಯದು ಸಿಬಿಐ ಜೊತೆಗಿದೆ. ನಮಗೆ ಹತ್ತಿರವಾದವು ಹೈದರಾಬಾದ್ ಮತ್ತು ಪುಣೆ. ಕಿರಿಯ ವೈಜ್ಞಾನಿಕ ಅಧಿಕಾರಿಯ ಹುದ್ದೆ ಯುಪಿಎಸ್‌ಸಿ ಮೂಲಕ ತುಂಬುವಂಥದ್ದು, ಏಳನೇ ವೇತನ ಹಂತದ್ದು. ಆ ಹಂತದ ಆರಂಭಿಕ ಮೂಲ ವೇತನ 44,900 ರೂಪಾಯಿ, ಭತ್ಯೆಗಳು ಬೇರೆ. ಸಂಬಳ, ಉಪಕರಣ, ತರಬೇತಿ ಇವುಗಳ ದೃಷ್ಟಿಯಿಂದ ಇದು ಆಕರ್ಷಕವೇ. ಆದರೆ ಈ ಹುದ್ದೆಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿಯ ಜೊತೆ ಅನುಭವವನ್ನೂ ಕೇಳುತ್ತಾರೆ, ಹುದ್ದೆಗಳು ಬೆರಳೆಣಿಕೆಯಷ್ಟಿರುತ್ತವೆ, ಸ್ಪರ್ಧೆ ಇಡೀ ದೇಶದ್ದು. ಹೀಗಾಗಿ ನಾನು ಇದನ್ನು ಮೊದಲ ಕೆಲಸವೆಂದು ನೋಡುವುದಕ್ಕಿಂತ ಎರಡನೆಯ ಕೆಲಸವೆಂದು ನೋಡುತ್ತೇನೆ. ದೂರದ ಊರಿಗೆ ಹೋಗಲು ಮನೆಯಲ್ಲಿ ಒಪ್ಪಿಗೆಯಿಲ್ಲದವರು ಇದನ್ನು ಪಟ್ಟಿಯಿಂದ ಈಗಲೇ ತೆಗೆದುಹಾಕಬಹುದು. ಫ್ಯಾಕ್ಟ್ ಎಂಬ ವಿಧಿವಿಜ್ಞಾನ ಅಭಿರುಚಿ ಪರೀಕ್ಷೆಯನ್ನು ಬರೆದಿಟ್ಟುಕೊಂಡರೆ ಅರ್ಜಿಗೆ ಸ್ವಲ್ಪ ತೂಕ ಬರುತ್ತದೆ, ಆದರೆ ಅದು ನೇಮಕಾತಿಯ ಭರವಸೆಯಲ್ಲ.

ಡಿಜಿಟಲ್ ಫೊರೆನ್ಸಿಕ್ ಮತ್ತು ಖಾಸಗಿ ವಲಯ

ಬೇಗ ಸಂಬಳ ಬೇಕು, ಬೆಂಗಳೂರಿನಲ್ಲಿರಬೇಕು ಎನ್ನುವವರಿಗೆ ಇದು ಇರುವ ಆಯ್ಕೆಗಳಲ್ಲಿ ಅತ್ಯಂತ ವಾಸ್ತವಿಕವಾದದ್ದು. ಡೆಲಾಯ್ಟ್, ಇವೈ, ಕೆಪಿಎಂಜಿ, ಪಿಡಬ್ಲ್ಯುಸಿಯಂಥ ಲೆಕ್ಕಪರಿಶೋಧನಾ ಸಂಸ್ಥೆಗಳಲ್ಲಿ ಫೊರೆನ್ಸಿಕ್ ವಿಭಾಗಗಳಿವೆ. ಬ್ಯಾಂಕುಗಳ ವಂಚನೆ ಪತ್ತೆ ತಂಡಗಳು, ಸೈಬರ್ ದಾಳಿಯ ನಂತರ ನಡೆದದ್ದನ್ನು ಬಿಡಿಸಿ ನೋಡುವ ತಂಡಗಳೂ ಇವೆ. ಕಂಪ್ಯೂಟರ್ ವಿಜ್ಞಾನ, ಬಿಸಿಎ, ಎಂಜಿನಿಯರಿಂಗ್ ಓದಿದವರಿಗೆ ಆದ್ಯತೆ ಇದ್ದರೂ, ಫೈಲ್ ಸಿಸ್ಟಮ್, ಲಾಗ್‌ಗಳು, ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಇವುಗಳ ಮೇಲೆ ಹಿಡಿತವಿರುವ ಯಾವ ಪದವೀಧರರೂ ಒಳಗೆ ಹೋಗಬಹುದು. ಕಲಿಯಲು ಖರ್ಚು ಕಡಿಮೆ: ಆಟೊಪ್ಸಿ ಎಂಬ ಮುಕ್ತ ತಂತ್ರಾಂಶವೂ ಎಫ್‌ಟಿಕೆ ಇಮೇಜರ್ ಎಂಬ ಸಾಧನವೂ ಉಚಿತವಾಗಿ ಸಿಗುತ್ತವೆ. ಹಳೆಯ ಪೆನ್‌ಡ್ರೈವ್ ಒಂದರ ಪಡಿಯಚ್ಚು ತೆಗೆದು, ಅಳಿಸಿದ ಫೈಲುಗಳನ್ನು ಮರಳಿ ಪಡೆದು, ಮಾಡಿದ್ದನ್ನೆಲ್ಲ ವರದಿಯ ರೂಪದಲ್ಲಿ ಬರೆದು ಸಂದರ್ಶನಕ್ಕೆ ಒಯ್ದವರ ಮಾತಿಗೆ ಪ್ರಮಾಣಪತ್ರಗಳ ಕಟ್ಟಿಗಿಂತ ಹೆಚ್ಚು ಬೆಲೆ ಬರುತ್ತದೆ.

ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯ ಜೊತೆ ಸಲ್ಲಿಸಬೇಕಾದ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ತಜ್ಞರು ತುಂಬಬೇಕಾದ ಒಂದು ಭಾಗವನ್ನೂ ಸೇರಿಸಿರುವುದರಿಂದ ಈ ಜ್ಞಾನಕ್ಕೆ ವಕೀಲರಲ್ಲೂ ಪೊಲೀಸರಲ್ಲೂ ಬೇಡಿಕೆ ಹೆಚ್ಚುತ್ತಿದೆ. ಇನ್ನೊಂದು ತಟ್ಟೆಯಲ್ಲಿ ಇಡಬೇಕಾದ ಸಂಗತಿಗಳೂ ಇವೆ. ಖಾಸಗಿ ಸಂಸ್ಥೆಯಲ್ಲಿ ಕೊಲೆ ಪ್ರಕರಣಗಳನ್ನು ಬಯಸಿ ಹೋದವರು ಕಂಪನಿಯ ಮಾಜಿ ನೌಕರ ಒಯ್ದ ಕಡತಗಳನ್ನು, ನಕಲಿ ಬಿಲ್ಲುಗಳನ್ನು, ಸಾವಿರಾರು ಇ-ಮೇಲ್‌ಗಳನ್ನು ಓದುತ್ತ ಕೂರಬೇಕಾಗುತ್ತದೆ. ಗ್ರಾಹಕರ ಗಡುವು ಬಂದಾಗ ಕೆಲಸದ ಗಂಟೆಗಳಿಗೆ ಲೆಕ್ಕವಿರುವುದಿಲ್ಲ. ತಂತ್ರಜ್ಞಾನ ಬದಲಾಗುವ ವೇಗಕ್ಕೆ ಓದು ನಿಲ್ಲಿಸುವಂತಿಲ್ಲ. ಸರ್ಕಾರಿ ಪ್ರಯೋಗಾಲಯದ ಡಿಜಿಟಲ್ ವಿಭಾಗಕ್ಕೆ ಹೋದರೆ ಮಕ್ಕಳ ಮೇಲಿನ ದೌರ್ಜನ್ಯದ ದೃಶ್ಯಗಳನ್ನು ಸಾಕ್ಷ್ಯವಾಗಿ ನೋಡಬೇಕಾದ ಸಂದರ್ಭ ಬರುತ್ತದೆ. ಇದು ಮನಸ್ಸಿನ ಮೇಲೆ ಉಳಿಸುವ ಭಾರವನ್ನು ಕೋರ್ಸಿನ ಕರಪತ್ರಗಳು ಹೇಳುವುದಿಲ್ಲ.

ಕೈಬರಹ, ಸಹಿ, ಬೆರಳಚ್ಚು ಪರೀಕ್ಷಿಸುವ ಸಣ್ಣ ಖಾಸಗಿ ಪ್ರಯೋಗಾಲಯಗಳೂ ಇವೆ. ಅಲ್ಲಿನ ಆರಂಭದ ಸಂಬಳ ಕಡಿಮೆಯಿರುವುದೇ ಹೆಚ್ಚು. ಖಾಸಗಿ ತಜ್ಞರ ಅಭಿಪ್ರಾಯಕ್ಕೆ 329ನೇ ಕಲಮಿನ ಅನುಕೂಲವೂ ಇಲ್ಲವಾದ್ದರಿಂದ ಸಾಕ್ಷಿಕಟ್ಟೆಯಲ್ಲಿ ನಿಂತೇ ಅದನ್ನು ಸಾಬೀತುಪಡಿಸಬೇಕು. ಒಳ್ಳೆಯ ಗುರು ಸಿಕ್ಕರೆ ಕಲಿಯಲು ಯೋಗ್ಯ ಜಾಗ, ಇಲ್ಲದಿದ್ದರೆ ಬಿಟ್ಟುಬಿಡಿ.

ಬೋಧನೆ, ಸಂಶೋಧನೆ

ಯುಜಿಸಿ-ನೆಟ್‌ನಲ್ಲಿ ವಿಧಿವಿಜ್ಞಾನ 82ನೇ ಸಂಕೇತದ ಸ್ವತಂತ್ರ ವಿಷಯ. ಕಿರಿಯ ಸಂಶೋಧನಾ ವೇತನ ಸಿಕ್ಕರೆ 2023ರ ಆರಂಭದಿಂದ ಅನ್ವಯವಾಗಿರುವ ದರದಲ್ಲಿ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಅದು ಮನೆಗೂ ಸ್ವಲ್ಪ ಆಸರೆ. ಕಾಲೇಜುಗಳು ವಿಧಿವಿಜ್ಞಾನ ಕೋರ್ಸುಗಳನ್ನು ತೆರೆಯುತ್ತಿರುವಾಗ ಕಲಿಸುವವರ ಅಗತ್ಯವೂ ಹೆಚ್ಚುತ್ತದೆ. ಪ್ರಕರಣಗಳ ಬಿಸಿ ತಟ್ಟದ ಈ ದಾರಿ, ಓದಿನಲ್ಲಿ ನಿಜವಾದ ಆಸಕ್ತಿಯಿರುವವರಿಗೆ ಮಾತ್ರ.

ಯಾರಿಗೆ ಯಾವುದು?

ಪದವಿ ಮುಗಿದ ಕೂಡಲೇ ಮನೆಗೆ ಹಣ ಕೊಡಬೇಕಾದ ರಸಾಯನಶಾಸ್ತ್ರದ ವಿದ್ಯಾರ್ಥಿ ಔಷಧ ಕಂಪನಿಯ ಗುಣಮಟ್ಟ ನಿಯಂತ್ರಣ ವಿಭಾಗಕ್ಕೆ ಸೇರುವುದು ವಿಧಿವಿಜ್ಞಾನದಿಂದ ದೂರ ಹೋದಂತೆ ಅಲ್ಲ. ಎಚ್‌ಪಿಎಲ್‌ಸಿ, ಜಿಸಿಯಂಥ ವಿಶ್ಲೇಷಣಾ ಉಪಕರಣಗಳ ಮೇಲೆ ಅಲ್ಲಿ ಸಿಗುವ ಹಿಡಿತ, ಪ್ರತಿ ಹೆಜ್ಜೆಯನ್ನೂ ದಾಖಲಿಸುವ ಶಿಸ್ತು, ವಿಷವಿಜ್ಞಾನ ವಿಭಾಗಕ್ಕೆ ಬೇಕಾದ್ದೇ. ಸಂಜೆಯ ಹೊತ್ತು ಓದಿಕೊಂಡು ಅಧಿಸೂಚನೆ ಬಂದಾಗ ಬರೆಯಬಹುದು. ಅದೇ ವಿದ್ಯಾರ್ಥಿಗೆ ಮನೆಯ ಒತ್ತಡವಿಲ್ಲದಿದ್ದರೆ ಎಂ.ಎಸ್‌ಸಿ. ಮಾಡಿ, ರಾಜ್ಯ ಮತ್ತು ಕೇಂದ್ರ ಎರಡಕ್ಕೂ ಒಟ್ಟಿಗೇ ಸಿದ್ಧತೆ ನಡೆಸುವುದು ಒಳ್ಳೆಯದು.

ಜೀವವಿಜ್ಞಾನ ಓದಿದವರು ಡಿಎನ್‌ಎ ವಿಭಾಗವೊಂದನ್ನೇ ನೆಚ್ಚಿಕೊಳ್ಳದೆ ಸೋಕೋ ಹುದ್ದೆಯನ್ನೂ ಜೊತೆಗಿಟ್ಟುಕೊಳ್ಳಲಿ. ದಟ್ಟಣೆ ಇರುವ ಕಡೆ ಒಂದೇ ಬಾಗಿಲ ಮುಂದೆ ನಿಲ್ಲುವುದು ಅಪಾಯ. ಕಂಪ್ಯೂಟರ್ ಓದಿದವರಿಗೆ ಖಾಸಗಿ ವಲಯದಲ್ಲಿ ಎರಡು-ಮೂರು ವರ್ಷ ದುಡಿದು ನಂತರ ಸರ್ಕಾರಿ ಹುದ್ದೆಗೆ ಪ್ರಯತ್ನಿಸುವ ದಾರಿ, ಮೊದಲು ಕಾದು ನಂತರ ದುಡಿಯುವ ದಾರಿಗಿಂತ ಎಲ್ಲ ರೀತಿಯಲ್ಲೂ ಮೇಲು. ಈಗಷ್ಟೇ ಪಿಯುಸಿ ಮುಗಿಸಿ, ಬಿ.ಎಸ್‌ಸಿ. ವಿಧಿವಿಜ್ಞಾನಕ್ಕೆ ಹೆಚ್ಚಿನ ಶುಲ್ಕ ಕಟ್ಟಲು ಹೊರಟಿರುವವರು ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಮೂಲ ವಿಜ್ಞಾನದ ಪದವಿ ಮಾಡಿ, ಉಳಿಸಿದ ಹಣವನ್ನು ಸ್ನಾತಕೋತ್ತರ ಹಂತಕ್ಕೆ ಇಟ್ಟುಕೊಳ್ಳುವುದನ್ನು ಯೋಚಿಸಲಿ.

ಯಾವ ದಾರಿ ಹಿಡಿದರೂ ಶುಲ್ಕ ಕಟ್ಟುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ನೀವು ಬಯಸುವ ಹುದ್ದೆಯ ಹಿಂದಿನ ಅಧಿಸೂಚನೆಯನ್ನು ಹುಡುಕಿ ತೆಗೆದು, ಶೈಕ್ಷಣಿಕ ಅರ್ಹತೆಯ ಕಲಮನ್ನು ಅಕ್ಷರಕ್ಷರವೂ ಓದಿ, ಅಲ್ಲಿ ಬರೆದಿರುವ ವಿಷಯದ ಹೆಸರು ನಿಮ್ಮ ಅಂಕಪಟ್ಟಿಯಲ್ಲಿ ಬರಲಿರುವ ಹೆಸರಿಗೆ ತಾಳೆಯಾಗುತ್ತದೆಯೇ ನೋಡಿ. ‘ರಸಾಯನಶಾಸ್ತ್ರ’ ಎಂದಿರುವ ಕಡೆ ನಿಮ್ಮ ಪದವಿ ‘ಅನ್ವಯಿಕ ರಸಾಯನಶಾಸ್ತ್ರ’ ಅಥವಾ ‘ಔದ್ಯಮಿಕ ರಸಾಯನಶಾಸ್ತ್ರ’ ಎಂದಾಗಿದ್ದರೆ, ಪ್ರಮಾಣಪತ್ರ ಪರಿಶೀಲನೆಯ ದಿನ ವಾದಿಸುವುದಕ್ಕಿಂತ, ವಿಶ್ವವಿದ್ಯಾಲಯದ ಕುಲಸಚಿವರ ಕಚೇರಿಯಿಂದ ತತ್ಸಮಾನ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಈಗಲೇ ಲಿಖಿತವಾಗಿ ಕೇಳಿಕೊಳ್ಳಿ.